ಕೆಂಪು ಇಳಿಸುವ ಹನಿ

ಹೊನ್ನಾಳಿಯ ಕಣ್ಣಾಸ್ಪತ್ರೆಯ ಕಾಯುವ ಕೋಣೆಯಲ್ಲಿ ಕೂತಿದ್ದವರನ್ನೆಲ್ಲ ಗುರುಬಸವರಾಜ್ ಬಾಗಿಲಿನಿಂದ ಬೆಂಚಿಗೆ ಬರುವಷ್ಟರಲ್ಲೇ ಪರೀಕ್ಷೆ ಮಾಡಿ ಮುಗಿಸಿದ್ದ. ಕಪ್ಪು ಕನ್ನಡಕ ಹಾಕಿಕೊಂಡು ಕತ್ತು ಎತ್ತಿ ಕೂತ ಮುದುಕಿಯದು ಪೊರೆ. ಇನ್ನೊಂದು ಕಣ್ಣಿನದೂ ತೆಗೆಸಬೇಕು, ಮಗ ಕರೆತರುವುದಿಲ್ಲ. ಮಗ್ಗುಲಲ್ಲಿ ಕಾಲು ಅಲ್ಲಾಡಿಸುತ್ತಿದ್ದವನದು ಸಕ್ಕರೆ ಕಾಯಿಲೆ. ಹೊಟೇಲಿನಲ್ಲಿ ಕೇಸರಿಬಾತು ತಿಂದೇ ಬಂದಿದ್ದಾನೆ, ಮೀಸೆಯ ಅಂಚಿನಲ್ಲಿ ಇನ್ನೂ ಸಾಕ್ಷಿ ಇದೆ. ಆಚೆಯ ಹುಡುಗಿಗೆ ಏನೂ ಇಲ್ಲ, ಗೆಳತಿ ಕನ್ನಡಕ ಹಾಕಿಕೊಂಡಿದ್ದಾಳೆ, ಇವಳಿಗೂ ಬೇಕು. ಇಷ್ಟಕ್ಕೆ ಇವರಿಗೆಲ್ಲ ದಾವಣಗೆರೆಯಿಂದ ವಾರಕ್ಕೊಮ್ಮೆ ಬರುವ ಡಾಕ್ಟರು ಬೇಕು, ಗಲ್ಲ ಊರಿ ಕೂರುವ ಯಂತ್ರ ಬೇಕು, ಟೋಕನ್ ಬೇಕು. ಚನ್ನಗಿರಿಯ ಬಸ್ ನಿಲ್ದಾಣದ ಎದುರಿಗಿರುವ ತನ್ನ ಮೆಡಿಕಲ್ ಶಾಪಿನಲ್ಲಿ, ಮೆಟ್ಟಿಲು ಹತ್ತುವವನ ಮುಖ ನೋಡಿಯೇ ಕೈ ಯಾವ ಕಪಾಟಿಗೆ ಹೋಗಬೇಕೆಂದು ತೀರ್ಮಾನಿಸುವ ಮನುಷ್ಯ ಅವನು. ಜನ ಅವನನ್ನು ಡಾಕ್ಟ್ರೇ ಅನ್ನುತ್ತಾರೆ. ಮೊದಮೊದಲು ಅವನು, ಅಲ್ಲಪ್ಪ, ನಾನು ಡಾಕ್ಟ್ರಲ್ಲ, ಅನ್ನುತ್ತಿದ್ದ. ಆಮೇಲೆ ನಕ್ಕು ಸುಮ್ಮನಾಗತೊಡಗಿದ. ಈಗ ಯಾರಾದರೂ ಹಾಗೆ ಕರೆಯದೆ ಬರೀ ಅಣ್ಣಾ ಅಂದರೆ ಕೇಳಿದ ಮಾತ್ರೆ ಸ್ಟಾಕಿಲ್ಲ ಅಂದುಬಿಡುತ್ತಾನೆ. ಅಂಥವನು ಇವತ್ತು ಟೋಕನ್ ಹಿಡಿದುಕೊಂಡು, ಗಾಳಿ ಬಾರದ ಫ್ಯಾನಿನ ಕೆಳಗೆ, ಬೆಂಚಿನ ತುದಿಯಲ್ಲಿ ಅರ್ಧ ಕೂತಿದ್ದ. ಈ ಕಡೆ ಕೂತ ಮನುಷ್ಯರು ಆ ಕಡೆ ನಿಂತವನಿಗೆ ಎಷ್ಟು ದಡ್ಡರಾಗಿ ಕಾಣುತ್ತಾರೆಂಬುದು ಅವನಷ್ಟು ಇನ್ಯಾರಿಗೆ ಗೊತ್ತು? ತಾನೂ ಈಗ ಹಾಗೇ ಕಾಣುತ್ತಿರಬಹುದು ಎಂಬ ಯೋಚನೆ ಬಂದೊಡನೆ ಕಾಲ ಮೇಲೆ ಕಾಲು ಹಾಕಿಕೊಂಡ.

ಪಕ್ಕದಲ್ಲಿ ಹೆಂಡತಿ ಶಾಂತಲಾ, ಅವಳ ಆಚೆ ಮಗಳು ನೀಲಾಂಬಿಕಾ. ಐದನೇ ಕ್ಲಾಸಿನ ಹುಡುಗಿ, ಮನೆಯಲ್ಲಿ ನೀಲು. ಎಡಗಣ್ಣಿಗೆ ಕರವಸ್ತ್ರ ಒತ್ತಿ ಹಿಡಿದಿದ್ದಳು. ಕರವಸ್ತ್ರ ಸರಿಸಿದರೆ ಕಾಣುತ್ತಿದ್ದುದು ಇಷ್ಟು: ಕಣ್ಣಿನ ಬಿಳಿಯಲ್ಲಿ, ಕಪ್ಪು ಶುರುವಾಗುವ ಅಂಚಿಗೆ, ಮೂಗಿನ ಕಡೆ, ತೊಗರಿಬೇಳೆಯಷ್ಟು ಉಬ್ಬಿದ ಗುಲಾಬಿ ಬಣ್ಣದ ಗಂಟು, ಅದರ ಸುತ್ತ ಎಳೆಎಳೆಯಾಗಿ ಕೆಂಪು. ನಾಲ್ಕು ದಿನದ ಹಿಂದೆ ಅದು ಹೀಗಿರಲಿಲ್ಲ. ಯಾಕೆ ಹೀಗಿರಲಿಲ್ಲ ಎಂಬುದು ಅಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು: ಅವನಿಗೆ ಮತ್ತು ನೀಲುವಿಗೆ. ಅಂಗಿಯ ಜೇಬಿನಲ್ಲಿ, ಪೆನ್ನಿನ ಹಿಂದೆ, ಹಸಿರು ಮುಚ್ಚಳದ ಪುಟ್ಟ ಪ್ಲಾಸ್ಟಿಕ್ ಬಾಟಲಿ ಇತ್ತು. ಬೆಳಿಗ್ಗೆ ಅದರ ಲೇಬಲ್ಲನ್ನು ಉಗುರಿನಿಂದ ಕೆರೆಯುತ್ತಿದ್ದಾಗ ಶಾಂತಲಾ ಒಳಗೆ ಬಂದಳು, ಅರ್ಧ ಕೆರೆದದ್ದನ್ನು ಹಾಗೇ ಜೇಬಿಗಿಳಿಸಿದ. ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಎಸೆಯಬೇಕೆಂದಿದ್ದ. ಕಿಟಕಿಯ ಪಕ್ಕದ ಸೀಟನ್ನು ಅವಳೇ ಹಿಡಿದಳು. ಬಸ್ಸಿಳಿದ ಮೇಲೆ ಕಸದ ಡಬ್ಬಿ ಹುಡುಕಿದ, ಸಿಗಲಿಲ್ಲ. ಒಂದು ಬಾಟಲಿ ಎಸೆಯಲು ಇಷ್ಟು ಕಷ್ಟ ಪಡುವವನನ್ನು ಅಂಗಡಿಯ ಮುಂದೆ ಕಂಡಿದ್ದರೆ ಅವನೇ ನಕ್ಕು ಸಾಯುತ್ತಿದ್ದ. ಚನ್ನಗಿರಿಯಲ್ಲೇ ತೋರಿಸಬಹುದಲ್ಲ ಎಂದು ಶಾಂತಲಾ ಕೇಳಿದ್ದಳು. ಮಕ್ಕಳ ಕಣ್ಣು ನೋಡಾಕೆ ಬೇರೆ ಡಾಕ್ಟ್ರೇ ಇರ್ತಾರೆ, ನಿಂಗೆ ಗೊತ್ತಾಗಲ್ಲ, ಎಂದಿದ್ದ. ಗೊತ್ತಾಗದೆ ಏನು? ಚನ್ನಗಿರಿಯ ಯಾವ ಆಸ್ಪತ್ರೆಯ ಬೆಂಚಿನಲ್ಲಿ ಕೂತರೂ ಪಕ್ಕದಲ್ಲಿ ತನ್ನ ಗಿರಾಕಿಯೇ ಕೂತಿರುತ್ತಾನೆ. ಡಾಕ್ಟ್ರ ಮಗಳನ್ನು ಡಾಕ್ಟ್ರಿಗೆ ತೋರಿಸಾಕೆ ಬಂದಾರೆ ಅಂತ ಸಂಜೆಯೊಳಗೆ ಅಡಿಕೆ ಮಂಡಿಯವರೆಗೆ ಸುದ್ದಿ.

ಎಲ್ಲಕ್ಕೂ ಮೂಲ ಜಗಳೂರು. ಅವನ ತಲೆಯಲ್ಲಿ ಎಲ್ಲದಕ್ಕೂ ಮೂಲ ಜಗಳೂರೇ, ಶಾಂತಲಾಳ ತವರು. ಬೇಸಿಗೆ ರಜಕ್ಕೆ ಹೋದ ನೀಲು ಅಲ್ಲಿಯ ಧೂಳಿನಲ್ಲಿ ಕಣ್ಣು ಉಜ್ಜಿಕೊಳ್ಳುತ್ತಲೇ ಇದ್ದಳಂತೆ. ಅವಳಿಗೆ ಕಣ್ಣು ತುರಿಸುವುದು ಹೊಸದಲ್ಲ, ಚನ್ನಗಿರಿಯಲ್ಲೂ ಅಡಿಕೆ ಸುಲಿಯುವ ಕಾಲದಲ್ಲಿ ಉಜ್ಜುತ್ತಾಳೆ. ಬಿಳಿಯಲ್ಲಿ ಒಂದು ಸಣ್ಣ ಕೆಂಪು ಕಾಳು ಕಂಡಿದ್ದೇ ಅತ್ತೆ ಪ್ರೇಮಮ್ಮ ಅವಳನ್ನು ದುರುಗಕ್ಕನ ಹತ್ತಿರ ಕರೆದುಕೊಂಡು ಹೋದರು. ಈ ದುರುಗಕ್ಕ ಕಣ್ಣಿಗೆ ಬಿದ್ದ ಕಸವನ್ನು ನಾಲಿಗೆಯಿಂದ ತೆಗೆಯುವವಳು. ರೆಪ್ಪೆ ಅಗಲಿಸಿ, ಹಾವಿನ ಹಾಗೆ ನಾಲಿಗೆ ಚಾಚಿ, ಕಣ್ಣುಗುಡ್ಡೆಯ ಮೇಲೆ ಒಂದು ಸುತ್ತು ಹಾಕಿಸಿ, ಕೊನೆಗೆ ಮೆಕ್ಕೆಜೋಳದ ಸಿಪ್ಪೆಯ ಚೂರೊಂದನ್ನು ನಾಲಿಗೆಯ ತುದಿಯಲ್ಲಿ ತೋರಿಸಿದಳಂತೆ. ಆ ಊರಿನ ಪ್ರತಿಯೊಬ್ಬನ ಕಣ್ಣಿನಿಂದಲೂ ಅವಳಿಗೆ ಮೆಕ್ಕೆಜೋಳದ ಸಿಪ್ಪೆಯೇ ಸಿಗುತ್ತದೆ. ಫೋನಿನಲ್ಲಿ ಇದನ್ನು ಕೇಳಿದಾಗ ಗುರುಬಸವರಾಜ್ ಅಂಗಡಿಯಲ್ಲಿದ್ದ, ಗಿರಾಕಿಗಳೂ ಇದ್ದರು, ಹಾಗಾಗಿ ಸಿಟ್ಟು ಇರಬೇಕಾದ್ದಕ್ಕಿಂತ ದೊಡ್ಡದಾಗಿ ಬಂತು. "ಕಣ್ಣಂದ್ರೆ ಏನಂತ ತಿಳಿದೀರಿ ಅತ್ತೇರೇ? ಡಾಕ್ಟ್ರು ನೋಡದೆ ಕಣ್ಣಿಗೆ ಒಂದು ತೊಟ್ಟು ನೀರು ಬಿಡಬಾರದು. ಒಂದು ತೊಟ್ಟು." ಮುಂದೆ ನಿಂತವರು ತಲೆದೂಗಿದರು. ಮಾತು ಅವನಿಗೇ ಎಷ್ಟು ಹಿಡಿಸಿತೆಂದರೆ ಮನೆಗೆ ಹೋಗಿ ಶಾಂತಲಾಳ ಮುಂದೆ ಇನ್ನೊಮ್ಮೆ ಆಡಿದ. ಅವಳ ತಾಯಿಯ ಬಗ್ಗೆ, ಊರಿನ ಬಗ್ಗೆ, ಅವರ ಸಿಂಬಳ ಸುರಿಯುವ ಕುರಿಗಳ ಬಗ್ಗೆಯೂ ಹೇಳಿದ. ಶಾಂತಲಾ ಅಳಲಿಲ್ಲ, ಪಾತ್ರೆ ತೊಳೆದಳು. ಅವಳು ಅತ್ತಿದ್ದರೆ ಅವನು ಆ ಮಾತನ್ನು ಅಲ್ಲಿಗೇ ಮರೆಯುತ್ತಿದ್ದನೇನೋ.

"ಏನ್ ಡಾಕ್ಟ್ರೇ, ನೀವೇ ಬಂದು ಕುಂತೀರಲ್ಲ ಇಲ್ಲಿ."

ತಲೆಯೆತ್ತಿದರೆ ಬೆನಕಪ್ಪ. ನ್ಯಾಮತಿ ಕಡೆಯ ಗೋವಿನಕೋವಿಯವನು, ಅಡಿಕೆ ಹಾಕಲು ಚನ್ನಗಿರಿಗೆ ಬಂದಾಗಲೆಲ್ಲ ಅಂಗಡಿಗೆ ಹತ್ತುವವನು. ಇಡೀ ಕೋಣೆ ಡಾಕ್ಟ್ರೇ ಎಂಬ ಮಾತಿಗೆ ತಿರುಗಿ ನೋಡಿತು. ಚನ್ನಗಿರಿ ಬೇಡವೆಂದು ಇಷ್ಟು ದೂರ ಬಂದರೆ ಚನ್ನಗಿರಿಯೇ ಟವೆಲ್ ಹೆಗಲಿಗೆ ಹಾಕಿಕೊಂಡು ಎದುರಿಗೆ ಬಂದು ನಿಂತಿದೆ.

"ಸುಮ್ನೆ ಬಂದಿದ್ದೆ," ಎಂದ ಗುರುಬಸವರಾಜ್.

ಕಣ್ಣಾಸ್ಪತ್ರೆಗೆ ಸುಮ್ಮನೆ ಬರುವವರೂ ಇರುತ್ತಾರೆ ಎಂಬುದನ್ನು ಬೆನಕಪ್ಪ ಒಪ್ಪಿಕೊಂಡ. ಅವನ ಬಗ್ಗೆ ಗುರುಬಸವರಾಜನಿಗೆ ಇದ್ದ ತಾತ್ಸಾರಕ್ಕೆ ಅದೇ ಕಾರಣ, ಏನು ಹೇಳಿದರೂ ಒಪ್ಪುತ್ತಾನೆ. "ನಂದು ಪೊರೆ ನೋಡ್ರಿ, ತೋರ್ಸಾಕೆ ಬಂದೆ. ಅದಿರ್ಲಿ, ನಿಮ್ಮ ಹಸಿರು ಮುಚ್ಚಳದ ಡ್ರಾಪ್ಸ್ ಭಾಳ ಚೆನ್ನಾಗೈತೆ. ನಮ್ಮ ಮೊಮ್ಮಗನ ಕಣ್ಣು ಹಾಲಿನಂಗೆ ಬೆಳ್ಳಗಾಗೈತೆ. ಖಾಲಿ ಆದಂಗೆಲ್ಲ ಬಸ್ಸಿನೋರ ಕೈಲಿ ತರ್ಸಿ ಬಿಡ್ತಾನೇ ಇದೀವಿ. ಬಿಡೋದು ನಿಲ್ಸಿದ್ರೆ ಸಾಕು, ಮತ್ತೆ ಕೆಂಪು."

"ಹ್ಞೂಂ," ಎಂದ. ಅಮ್ಮನ ಆಚೆಯಿಂದ ನೀಲು ಒಂದೇ ಕಣ್ಣಿನಿಂದ ಅಪ್ಪನನ್ನು ನೋಡುತ್ತಿದ್ದಳು. ಶಾಂತಲಾ ಗೋಡೆಯ ಮೇಲಿನ ಚಿತ್ರ ನೋಡುತ್ತಿದ್ದಳು. ಸೀಳಿದ ಕಣ್ಣಿನ ಒಳಗು ಹೇಗಿರುತ್ತದೆಂದು ತೋರಿಸುವ ದೊಡ್ಡ ಚಿತ್ರ. ಬೆನಕಪ್ಪ ಮೂಲೆಯ ಕುರ್ಚಿಗೆ ಹೋಗಿ ಕೂತ ಮೇಲೂ 'ಮತ್ತೆ ಕೆಂಪು' ಎಂಬ ಮಾತು ಬೆಂಚಿನ ಮೇಲೇ ಉಳಿಯಿತು. ಮೊದಲು ಆ ಡ್ರಾಪ್ಸ್ ಕೊಡುವಾಗ ಗುರುಬಸವರಾಜ್, ಎರಡು ದಿನ ಹಾಕಿ ನಿಲ್ಸಿ, ಎಂದು ಹೇಳುತ್ತಿದ್ದ. ಆಮೇಲೆ ಅಂಗಡಿಯಲ್ಲಿ ರಶ್ಶಾದಾಗ ಹೇಳುವುದು ಬಿಟ್ಟ. ಆಮೇಲೆ ರಶ್ಶಿಲ್ಲದಾಗಲೂ ಬಿಟ್ಟ. ಕಣ್ಣು ಬೆಳ್ಳಗಾಗುವುದು ಬೇಕು ಜನಕ್ಕೆ, ಬಾಟಲಿಯ ಹೊಟ್ಟೆಯೊಳಗೆ ಏನಿದೆ ಎಂಬುದಲ್ಲ. ಸ್ಟೆರಾಯ್ಡ್ ಎಂದರೆ ಹೆದರುತ್ತಾರೆ, ಹೊಸ ಔಷಧಿ ಎಂದರೆ ಎರಡು ಕೊಡಿ ಅನ್ನುತ್ತಾರೆ.

ನೀಲು ಶಾಲೆ ಬಿಟ್ಟ ಮೇಲೆ ಅಂಗಡಿಗೆ ಬರುವುದು ರೂಢಿ. ಗ್ಲೂಕೋಸ್ ಡಬ್ಬಗಳ ಹಿಂದೆ ಅವಳದೊಂದು ಸ್ಟೂಲು. ಅಲ್ಲಿ ಕೂತು ಮಾತ್ರೆಗಳ ಹೆಸರನ್ನು ಜೋರಾಗಿ ಓದುವಳು, ತಪ್ಪು ಓದಿದರೆ ಅವನು ತಿದ್ದುವನು; ಇಡೀ ದಿನದಲ್ಲಿ ಅವನು ಯಾರನ್ನೂ ತಿರಸ್ಕಾರದಿಂದ ನೋಡದೆ ಕಳೆಯುವ ಹೊತ್ತು ಅದೊಂದೇ. ಜಗಳೂರಿನಿಂದ ಬಂದ ಮೇಲೆ ಆ ಕಾಳು ಹೋಗಲಿಲ್ಲ. ಉಬ್ಬುವುದು, ತಗ್ಗುವುದು, ತುರಿಕೆ. ಡಾಕ್ಟರಿಗೆ ತೋರಿಸೋಣ ಎಂದು ಶಾಂತಲಾ ಎರಡು ಸಲ ಹೇಳಿದಳು. ತೋರಿಸಿದರೆ ಅವರೇನು ಮಾಡುತ್ತಾರೆ, ಚೀಟಿ ಬರೆಯುತ್ತಾರೆ, ಆ ಚೀಟಿ ಕೊನೆಗೆ ನನ್ನ ಅಂಗಡಿಗೇ ಬರುತ್ತದೆ ಎಂದುಕೊಂಡ. ಆದರೆ ಒಂದು ತೊಟ್ಟು ನೀರೂ ಬಿಡಬಾರದೆಂದು ಎಲ್ಲರ ಮುಂದೆ ಅಬ್ಬರಿಸಿದವನು ಮನೆಯಲ್ಲಿ ಹನಿ ಬಿಡುವುದು ಹೇಗೆ? ಗ್ಲೂಕೋಸ್ ಡಬ್ಬಗಳ ಹಿಂದೆ ಬಿಟ್ಟ. ಮೇಲೆ ನೋಡು ಎಂದ, ಕೆಳರೆಪ್ಪೆ ಎಳೆದ, ಹಸಿರು ಮುಚ್ಚಳ ತೆಗೆದ. "ಅಮ್ಮಂಗೆ ಹೇಳ್ಬೇಡ. ಅಮ್ಮ ಅಜ್ಜಿಗೆ ಹೇಳ್ತಾಳೆ, ಅಜ್ಜಿ ಊರಿಗೆಲ್ಲ ಹೇಳ್ತಾಳೆ." ನೀಲು ಕಣ್ಣು ಮುಚ್ಚಿಕೊಂಡೇ ನಕ್ಕಳು. ಮಾರನೆಯ ದಿನ ಕನ್ನಡಿ ಹಿಡಿದು, "ಬೆಳ್ಳಗಾಯ್ತು ಅಪ್ಪಾಜಿ," ಎಂದಳು. ನೀವು ನಿಜವಾದ ಡಾಕ್ಟ್ರು, ಎಂದಳು. ಗಿರಾಕಿಗಳು ಎಷ್ಟು ಸಲ ಅಂದರೂ ತುಂಬದಿದ್ದ ಯಾವುದೋ ಒಂದು ಜಾಗ ಆ ಮಾತಿಗೆ ತುಂಬಿತು. ಅವನು ಆ ಬಾಟಲಿ ಮುಗಿಸಿ ಇನ್ನೊಂದು ತೆಗೆದ, ಅದು ಮುಗಿದು ಮತ್ತೊಂದು. ತಾನು ಗಿರಾಕಿಗಳಿಗೆ ಹೇಳುವುದನ್ನು ಬಿಟ್ಟಿದ್ದ ಮಾತನ್ನು ತನಗೆ ತಾನೂ ಹೇಳಿಕೊಳ್ಳಲಿಲ್ಲ.

ಆಮೇಲೆ ಬಂತು ನಾಮಕರಣ. ಶಾಂತಲಾಳ ತಮ್ಮನ ಮಗುವಿನದು, ಹೋದ ತಿಂಗಳು, ಜಗಳೂರಿನಲ್ಲಿ. ಬೆಳಿಗ್ಗೆ ಹೊರಡುವ ಮುಂಚೆ ಅಂಗಡಿ ತೆಗೆಯುವ ನೆಪದಲ್ಲಿ ನೀಲುವನ್ನು ಕರೆದುಕೊಂಡು ಹೋಗಿ ಎರಡು ಹನಿ ಹೆಚ್ಚಿಗೆಯೇ ಬಿಟ್ಟಿದ್ದ. ಅತ್ತೆ ನೋಡಬೇಕು, ನೋಡಿ ಬಾಯಿ ಮುಚ್ಚಬೇಕು. ಅತ್ತೆ ನೋಡಿದರು. ನೀಲುವಿನ ರೆಪ್ಪೆ ಎಳೆದು, ಬೆಳಕಿಗೆ ಹಿಡಿದು, ಪಂಕ್ತಿಯಲ್ಲಿ ಕೂತವರಿಗೆಲ್ಲ ಕೇಳಿಸುವಂತೆ, "ದುರುಗಕ್ಕನ ಕೈಗುಣ ನೋಡ್ರಿ, ಒಂದು ಚೂರು ಕೆಂಪಿಲ್ಲ. ಅಳಿಯಂದ್ರು ಸುಮ್ನೆ ಗಾಬರಿ ಬಿದ್ದಿದ್ರು," ಎಂದರು. ಗುರುಬಸವರಾಜನ ಬಾಯಲ್ಲಿ ಹೋಳಿಗೆ ಇತ್ತು. ದುರುಗಕ್ಕನೂ ಅದೇ ಪಂಕ್ತಿಯ ತುದಿಯಲ್ಲಿ ಕೂತಿದ್ದಳು, ಆ ಪ್ರಸಿದ್ಧ ನಾಲಿಗೆಯಿಂದ ಬೆರಳು ನೆಕ್ಕಿಕೊಳ್ಳುತ್ತ. ಹೇಳಿದರೆ ಹನಿಯ ವಿಷಯ ಹೇಳಬೇಕು, ಹೇಳದಿದ್ದರೆ ನಾಲಿಗೆಯನ್ನು ಒಪ್ಪಬೇಕು. ಅವನು ತುಪ್ಪ ಹಾಕಿಸಿಕೊಂಡು ಎರಡನೇ ಹೋಳಿಗೆ ತಿಂದ. ಆ ದಿನ ಶಾಂತಲಾ ಫೋನಿನಲ್ಲಿ ಹಿಡಿದ ನೀಲುವಿನ ಫೋಟೊದಲ್ಲಿ ಎರಡೂ ಕಣ್ಣು ಸುಣ್ಣ ಬಳಿದಷ್ಟು ಬಿಳಿ. ಹೋದ ವಾರ ಮತ್ತೆ ಸ್ವಲ್ಪ ಕೆಂಪು ಕಂಡು ಶಾಂತಲಾ ಇನ್ನು ತೋರಿಸಲೇಬೇಕೆಂದು ಹಟ ಹಿಡಿದು, ಅವನು ಹೊನ್ನಾಳಿಯಲ್ಲಿ ಹೆಸರು ಬರೆಸಬೇಕಾಗಿ ಬಂದಾಗ, ಡಾಕ್ಟರಿಗೆ ಗೊತ್ತಾಗಬಾರದೆಂದು ಅವನು ಹನಿಯನ್ನು ಒಮ್ಮೆಲೇ ನಿಲ್ಲಿಸಿದ. ಜಾಣತನವೆಂದುಕೊಂಡೇ ನಿಲ್ಲಿಸಿದ. ನಾಲ್ಕು ದಿನದಲ್ಲಿ ಗಂಟು ಈ ಗಾತ್ರಕ್ಕೆ ಬಂದು ಕೂತಿತು.

ಟೋಕನ್ ಕೂಗಿದಾಗ ಮೂವರೂ ಒಳಗೆ ಹೋದರು. ಡಾಕ್ಟರ್ ಕಲ್ಪನಾ ಅವನಿಗಿಂತ ಚಿಕ್ಕವಳು. ಹಿಂದಿನವರಿಗೆ ಬರೆದ ಚೀಟಿ ಮೇಜಿನ ಮೇಲಿತ್ತು, ಅಕ್ಷರ ಒಂದೊಂದೂ ಓದುವ ಹಾಗಿತ್ತು. ಅಕ್ಷರ ಅರ್ಥವಾಗುವ ಡಾಕ್ಟರ ಮೇಲೆ ಗುರುಬಸವರಾಜನಿಗೆ ನಂಬಿಕೆಯಿಲ್ಲ. ಆದರೆ ಅವಳು ನೀಲುವಿನ ಗಲ್ಲವನ್ನು ಯಂತ್ರದ ಮೇಲೆ ಇಡಿಸಿ, ಎದುರಿನಿಂದ ಕಣ್ಣು ಹಚ್ಚಿ, ಮಾತಿಲ್ಲದೆ ನೋಡುತ್ತಲೇ ಇದ್ದಳು. ಅವನು ತನ್ನ ಇಡೀ ಜೀವಮಾನದಲ್ಲಿ ಯಾವ ಗಿರಾಕಿಯ ಯಾವ ಅಂಗವನ್ನೂ ಅಷ್ಟು ಹೊತ್ತು ನೋಡಿರಲಿಲ್ಲ. ಅತ್ತ ನೋಡು, ಇತ್ತ ನೋಡು, ಮೂಗು ನೋಡಿಕೋ. ಆಮೇಲೆ ಕುರ್ಚಿ ತಿರುಗಿಸಿ ಶಾಂತಲಾಳಿಗೇ ಹೇಳಿದಳು, ಅವನಿಗಲ್ಲ.

"ಚರ್ಮದ ಮೇಲೆ ಇರೋ ಹಾಗೆ ಕಣ್ಣಿನ ಬಿಳಿಯಲ್ಲೂ ಮಚ್ಚೆ ಇರುತ್ತಮ್ಮ. ಮಕ್ಕಳಲ್ಲಿ ಎಷ್ಟೋ ಸಲ ಅದಕ್ಕೆ ಕಪ್ಪು ಬಣ್ಣ ಇರಲ್ಲ, ಹೀಗೆ ಗುಲಾಬಿ ಇರುತ್ತೆ. ಒಳಗೆ ಸಣ್ಣ ಸಣ್ಣ ನೀರುಗುಳ್ಳೆ ಕಾಣ್ತಿವೆ, ಅದು ಒಳ್ಳೇ ಲಕ್ಷಣ. ಅಲರ್ಜಿ ಇರೋ ಮಕ್ಕಳು ಉಜ್ಜಿ ಉಜ್ಜಿ ಅದನ್ನ ಕೆರಳಿಸ್ತಾರೆ, ಊದಿಕೊಳ್ಳುತ್ತೆ. ನೋಡಿದವರಿಗೆ ಭಯ ಆಗುತ್ತೆ, ಅಷ್ಟೆ. ಯಾವಾಗಿಂದ ಇದೆ? ಏನಾದ್ರೂ ಹಾಕಿದ್ರಾ?"

"ಇಲ್ಲ ಮೇಡಂ," ಎಂದ ಗುರುಬಸವರಾಜ್, ಪ್ರಶ್ನೆ ತನಗೆ ಕೇಳಿದ್ದಲ್ಲವಾದರೂ. ಅಷ್ಟಕ್ಕೇ ನಿಲ್ಲಿಸದೆ ದುರುಗಕ್ಕನ ನಾಲಿಗೆಯ ಕತೆಯನ್ನೂ ಹೇಳಿದ. ಚಾಚಿ ತೋರಿಸುವುದೊಂದು ಬಾಕಿ. ಓದಿದವರಿಬ್ಬರು ಓದದವರನ್ನು ಕುರಿತು ಜೊತೆಯಾಗಿ ನಗುವ ಒಂದು ಗಳಿಗೆಗಾಗಿ ಕಾದ. ಡಾಕ್ಟರು ನಗಲಿಲ್ಲ. ಶಾಂತಲಾ ಬ್ಯಾಗಿನಿಂದ ಫೋನು ತೆಗೆದಳು. "ಹೋದ ತಿಂಗಳು ಪೂರ್ತಿ ವಾಸಿಯಾಗಿತ್ತು ಮೇಡಂ. ಇಲ್ಲಿ ನೋಡ್ರಿ, ನಮ್ಮ ತಮ್ಮನ ಮಗುವಿನ ನಾಮಕರಣದ್ದು."

ಡಾಕ್ಟರು ಫೋಟೊವನ್ನು ಬೆರಳಿನಿಂದ ದೊಡ್ಡದು ಮಾಡಿದಳು. ಮಗುವಿನ ಕಣ್ಣು ನೋಡಿದಳು, ಮತ್ತೆ ಫೋಟೊ ನೋಡಿದಳು. ಅವಳ ದನಿ ಬದಲಾದದ್ದು ಗುರುಬಸವರಾಜನಿಗೆ ಮೊದಲು ಗೊತ್ತಾಯಿತು. "ಒಂದು ತಿಂಗಳಲ್ಲಿ ಇಲ್ಲಿಂದ ಇಲ್ಲಿಗಾ?"

"ನಾಲ್ಕೇ ದಿನದಲ್ಲಿ ಮೇಡಂ," ಎಂದಳು ಶಾಂತಲಾ.

"ಇಷ್ಟು ಬೇಗ ಬೆಳೆಯೋದು ಈ ಮಚ್ಚೆಯ ಸ್ವಭಾವ ಅಲ್ಲ. ಇದನ್ನ ಹೀಗೇ ಬಿಡೋಕೆ ನನಗೆ ಧೈರ್ಯ ಇಲ್ಲಮ್ಮ. ದಾವಣಗೆರೆಗೆ ಬನ್ನಿ. ಮಗು ಅಲ್ವಾ, ಪೂರ್ತಿ ಮತ್ತು ಕೊಟ್ಟು ತೆಗೀಬೇಕಾಗುತ್ತೆ. ತೆಗೆದ ತುಂಡನ್ನ ಪರೀಕ್ಷೆಗೆ ಕಳಿಸೋಣ."

"ಪರೀಕ್ಷೆ ಅಂದ್ರೆ," ಎಂದಳು ಶಾಂತಲಾ. ಮುಂದಿನ ಶಬ್ದ ಅವಳ ಬಾಯಿಂದ ಹೊರಡಲಿಲ್ಲ. ಡಾಕ್ಟರು ಅದನ್ನು ಕೇಳಿಸಿಕೊಂಡವಳಂತೆ, ಅಲ್ಲ ಅಂತಲೇ ಅನ್ಸುತ್ತೆ, ಆದರೆ ಅಲ್ಲ ಅಂತ ಖಾತ್ರಿ ಆಗಬೇಕಲ್ಲ, ಎಂದಳು.

ಒಂದು ಮಾತು ಸಾಕಿತ್ತು. ಎರಡು ತಿಂಗಳು ನಾನು ಹನಿ ಬಿಟ್ಟೆ, ನಾಲ್ಕು ದಿನದ ಹಿಂದೆ ನಿಲ್ಲಿಸಿದೆ. ಬೆಳೆದದ್ದಲ್ಲ, ಅದುಮಿಟ್ಟಿದ್ದು ಎದ್ದು ನಿಂತದ್ದು. ಕತ್ತರಿ ಬೇಕಾಗಿಲ್ಲ ಎಂಬುದು ಆ ಕೋಣೆಯಲ್ಲಿ ಡಾಕ್ಟರಿಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು. ಒಬ್ಬ ಡಾಕ್ಟರಿಗಿಂತ ಹೆಚ್ಚಿಗೆ ಗೊತ್ತಿರಬೇಕೆಂಬ ಅವನ ಬಹುದಿನದ ಆಸೆ ಹೀಗೆ ಈಡೇರಿತ್ತು. ಆದರೆ ಮಾತು ನಾಲಿಗೆಗೆ ಬರಲಿಲ್ಲ, ಬಂದದ್ದೆಲ್ಲ ಸಮಾಧಾನ. ತೆಗೆಸಿದರೆ ತೆಗೆಸಿದಂತಾಯಿತು, ಮುಂದೆ 'ಇದೇನು ಮಗಳ ಕಣ್ಣಲ್ಲಿ' ಎಂದು ಯಾರೂ ಕೇಳುವುದಿಲ್ಲ. ಚಿಕ್ಕ ಗಂಟು, ಚಿಕ್ಕ ಆಪರೇಷನ್ನು. ಅತ್ತೆಗೂ ಬುದ್ಧಿ ಬರುತ್ತದೆ. ಅತ್ತೆಗೆ ಬುದ್ಧಿ ಬರಲಿ ಎಂದು ಮಗಳ ಕಣ್ಣಿಗೆ ಕತ್ತರಿ ಹಾಕಿಸುವವನು ಎಂಥವನು ಎಂದು ಅವನಿಗೇ ಅನ್ನಿಸಿತು, ಅನ್ನಿಸಿದ ಮೇಲೂ ಸುಮ್ಮನೆ ಇದ್ದ. 'ಮತ್ತು ಕೊಟ್ಟು' ಎಂಬ ಮಾತಿನಿಂದ ನೀಲುವಿನ ಮನಸ್ಸು ಮುಂದೆ ಹೋಗಿರಲಿಲ್ಲ. ಸ್ಟೂಲಿನ ಮೇಲೆ ಎರಡೂ ಕೈ ಊರಿಕೊಂಡು ಕೂತಿದ್ದಳು, ಅಂಗಡಿಯ ಸ್ಟೂಲಿನ ಮೇಲೆ ಕೂರುವ ಹಾಗೇ.

ಡಾಕ್ಟರು ಅವಳ ಕಡೆ ಬಾಗಿದಳು. "ನೀನು ಹೇಳು ಪುಟ್ಟಿ. ಯಾರಾದ್ರೂ ನಿನ್ನ ಕಣ್ಣಿಗೆ ಏನಾದ್ರೂ ಬಿಡ್ತಿದ್ರಾ? ನಿಜ ಹೇಳಿದ್ರೆ ಯಾರೂ ಬೈಯಲ್ಲ."

ನೀಲು ಅಪ್ಪನನ್ನು ನೋಡಿದಳು. ಅವನು ಪೆನ್ನನ್ನು ಮುಟ್ಟಿ ನೋಡಿಕೊಂಡ. "ಹ್ಞೂಂ," ಎಂದಳು. "ಅಜ್ಜಿ. ಜಗಳೂರಲ್ಲಿ."

"ನಮ್ಮಮ್ಮ ಯಾವಾಗ ಬಿಟ್ಲೇ?" ಎಂದಳು ಶಾಂತಲಾ.

"ಬಿಟ್ಲು. ಸೊಪ್ಪಿನ ರಸ. ನಿಂಗೆ ಗೊತ್ತಾಗಲ್ಲ."

ಸುಳ್ಳನ್ನು ಅವಳು ತಡವರಿಸದೆ ಹೇಳಿದಳು, ಅವನು ಸ್ಟಾಕಿಲ್ಲ ಎಂದು ಹೇಳುವಷ್ಟು ಸಲೀಸಾಗಿ. ಕೊನೆಯ ಎರಡು ಪದ ಅವನವೇ, ದನಿಯೂ ಅವನದೇ. ಯಾವ ತಪ್ಪನ್ನಾದರೂ ಜಗಳೂರಿನ ಅಜ್ಜಿಯ ತಲೆಗೆ ಕಟ್ಟಬಹುದು, ಯಾರೂ ಅನುಮಾನಿಸುವುದಿಲ್ಲ ಎಂಬುದನ್ನು ಅವಳು ಯಾರಿಂದ ಕಲಿತಳೆಂದು ಕೇಳಬೇಕಾಗಿರಲಿಲ್ಲ. ಗುರುಬಸವರಾಜನಿಗೆ ಮೊದಲು ಆದದ್ದು ನಾಚಿಕೆಯಲ್ಲ, ಹಾಯೆನಿಸಿತು. ಮಗಳು ತನ್ನನ್ನು ಉಳಿಸಿದಳು. ಉಸಿರು ಬಿಟ್ಟ ಮೇಲೆ ಅದರ ಬೆಲೆ ಕಂಡಿತು. ಐದನೇ ಕ್ಲಾಸಿನ ಹುಡುಗಿ ತನ್ನ ಕಣ್ಣನ್ನು ಕೊಟ್ಟು ಅಪ್ಪನ ಮುಖ ಉಳಿಸುತ್ತಿದ್ದಾಳೆ, ಅಪ್ಪ ಅದನ್ನು ತೆಗೆದುಕೊಳ್ಳುತ್ತಿದ್ದಾನೆ.

ಡಾಕ್ಟರು ತಲೆಯಾಡಿಸಿದಳು. "ಸೊಪ್ಪಿನ ರಸದಿಂದ ಕಣ್ಣು ಕೆಂಪಾಗುತ್ತೆ, ಈ ಫೋಟೊದಲ್ಲಿರೋ ಹಾಗೆ ಬೆಳ್ಳಗಾಗಲ್ಲ. ಇದರಿಂದ ಏನೂ ಬದಲಾಗಲ್ಲಮ್ಮ, ತೆಗೆಯೋದೇ ಸರಿ." ಬರೆಯಲು ಪೆನ್ನು ಎತ್ತಿಕೊಂಡಳು. ಸುಳ್ಳಿನಿಂದ ಅಪ್ಪ ಉಳಿದ, ಕಣ್ಣು ಉಳಿಯಲಿಲ್ಲ.

ಬಾಟಲಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಇಟ್ಟದ್ದು ಧೈರ್ಯವೆಂದು ಹೇಳಿದರೆ ಸುಳ್ಳಾಗುತ್ತದೆ. ಪೆನ್ನು ಕಾಗದಕ್ಕೆ ತಾಗುವ ಸದ್ದು ಅವನಿಗೆ ತಡೆಯಲಾಗಲಿಲ್ಲ, ಅಷ್ಟೆ. "ಇದನ್ನ ಬಿಡ್ತಿದ್ವಿ ಮೇಡಂ. ಎರಡು ತಿಂಗಳು. ನಾಲ್ಕು ದಿನದ ಹಿಂದೆ ನಿಲ್ಸಿದ್ವಿ." ಬಿಡ್ತಿದ್ವಿ ಎಂದು ಹೇಳಿ ಹೆಂಡತಿಯನ್ನೂ ಜೊತೆಗೆ ಸೇರಿಸಿಕೊಂಡ. ಶಾಂತಲಾ ತಿರುಗಿ ನೋಡಿದಳು. ಡಾಕ್ಟರು ಅರ್ಧ ಕೆರೆದ ಲೇಬಲ್ಲನ್ನು ಬೆಳಕಿಗೆ ಹಿಡಿದು ಉಳಿದ ಅಕ್ಷರಗಳನ್ನು ಓದಿದಳು.

"ಯಾವ ಡಾಕ್ಟರು ಕೊಟ್ಟರು ಇದನ್ನ?"

"ಡಾಕ್ಟ್ರಲ್ಲ. ಮೆಡಿಕಲ್ ಶಾಪಿನವನು."

"ಎಲ್ಲಿಯವನು?"

"ನಮ್ಮ ಕಡೆಯವನೇ."

"ಮಗುವಿನ ಕಣ್ಣು ನೋಡಿದನಾ ಅವನು?"

"ನೋಡಿದ."

"ನೋಡಿ ಏನಂದ?"

"ಕೆಂಪು ಇಳೀತೈತೆ ಅಂದ."

"ತಲೆ ಇದೆಯೇನ್ರೀ ಅವನಿಗೆ? ಇದು ಸ್ಟೆರಾಯ್ಡ್. ಮಕ್ಕಳ ಕಣ್ಣಿಗೆ ತಿಂಗಳುಗಟ್ಟಲೆ ಬಿಟ್ಟರೆ ಒಳಗೆ ಒತ್ತಡ ಏರುತ್ತೆ. ನೋವಿಲ್ಲ, ಏನಿಲ್ಲ, ಸದ್ದಿಲ್ಲದೆ ದೃಷ್ಟಿ ಹೋಗುತ್ತೆ. ಹೊರಗಿನಿಂದ ನೋಡಿದ್ರೆ ಕಣ್ಣು ಬೆಳ್ಳಗೆ ಚಂದ ಕಾಣ್ತಿರುತ್ತೆ. ಅವನ ಮನೇಲಿ ಮಕ್ಕಳಿಲ್ವಾ?"

ಗೋಡೆಯ ಮೇಲೆ ಇಲ್ಲೂ ಒಂದು ಸೀಳಿದ ಕಣ್ಣು ಇತ್ತು. ಅವನು ಅದನ್ನು ನೋಡಿಕೊಂಡು, "ಒಬ್ಳು ಮಗಳಿದಾಳೆ ಮೇಡಂ," ಎಂದ.

"ಅವಳ ಕಣ್ಣಿಗೆ ಬಿಡ್ತಾನೇನು ಇದನ್ನ?"

ಡಾಕ್ಟರು ಉತ್ತರಕ್ಕಾಗಿ ಕೇಳಿದ್ದಲ್ಲ. ಆಗಲೇ ಎದ್ದು ಒತ್ತಡ ನೋಡುವ ಉಪಕರಣ ತರಲು ಹೋಗಿದ್ದಳು. ಶಾಂತಲಾ ಸೆರಗನ್ನು ಹೊದ್ದುಕೊಂಡು ನೆಲ ನೋಡಿದಳು. ಇಷ್ಟು ವರ್ಷ ತವರಿನ ಬಗ್ಗೆ ಕೇಳಿಸಿಕೊಂಡದ್ದಕ್ಕೆಲ್ಲ ಈಗ ಒಂದು ಮಾತು ಹೇಳಿದ್ದರೂ ನಡೆಯುತ್ತಿತ್ತು. ನೀಲು ಮಾತ್ರ ಅವನನ್ನು ನೋಡುತ್ತಿದ್ದಳು, ಕರವಸ್ತ್ರ ಕೆಳಗಿಟ್ಟು, ಎರಡೂ ಕಣ್ಣುಗಳಿಂದ. ಆ ನೋಟ ಅವನಿಗೆ ಗೊತ್ತಿತ್ತು. ಮೆಟ್ಟಿಲು ಹತ್ತಿ ಬಂದು, ಗೊತ್ತಿಲ್ಲದ ಮಾತ್ರೆಯ ಹೆಸರನ್ನು ತಪ್ಪು ತಪ್ಪಾಗಿ ಹೇಳುವವರನ್ನು ಅವನು ದಿನವೂ ಹಾಗೇ ನೋಡುತ್ತಾನೆ.

ಒತ್ತಡ ಏರಿತ್ತು. ತುಂಬ ಅಲ್ಲ, ಹನಿ ನಿಂತಿದೆಯಲ್ಲ, ಇಳಿಯುವ ಸಾಧ್ಯತೆಯೇ ಹೆಚ್ಚು, ಇಳಿಯುವವರೆಗೆ ಬಂದು ತೋರಿಸುತ್ತಲೇ ಇರಬೇಕು, ಎಂದಳು ಡಾಕ್ಟರು. ಹಿಂದೆ ಬರೆದದ್ದಕ್ಕೆ ಗೀಟು ಎಳೆದು ಬೇರೆ ಬರೆದಳು. "ಕತ್ತರಿ ಬೇಡಮ್ಮ ಈಗ. ತುರಿಕೆಗೆ ಇದೊಂದು ಡ್ರಾಪ್ಸ್, ಸ್ಟೆರಾಯ್ಡ್ ಅಲ್ಲ. ತಣ್ಣೀರು ಬಟ್ಟೆ ಇಡಿ. ಉಜ್ಜೋ ಹಾಗಿಲ್ಲ ಪುಟ್ಟಿ. ಪ್ರತಿ ಸಲ ಬಂದಾಗ ಫೋಟೊ ತೆಗೆದು ಅಳತೆ ನೋಡೋಣ. ಬೆಳೆದರೆ ಆಗ ತೆಗೆಯೋ ವಿಚಾರ. ಬಹಳಷ್ಟು ಮಕ್ಕಳಲ್ಲಿ ದೊಡ್ಡವರಾಗ್ತಾ ತಾನೇ ತಣ್ಣಗಾಗುತ್ತೆ." ಬಾಟಲಿಯನ್ನು ವಾಪಸು ಕೊಡದೆ ಕಾಲ ಬಳಿಯ ಕಸದ ಡಬ್ಬಿಗೆ ಹಾಕಿದಳು. ಬೆಳಿಗ್ಗೆಯಿಂದ ಅವನಿಗೆ ಸಿಗದಿದ್ದ ಕಸದ ಡಬ್ಬಿ ಇಲ್ಲಿತ್ತು.

ಹೊರಗೆ ಬೆನಕಪ್ಪ ಕಣ್ಣಿಗೆ ಔಷಧಿ ಹಾಕಿಸಿಕೊಂಡು ಕತ್ತು ಹಿಂದಕ್ಕೆ ಚೆಲ್ಲಿ ಕೂತಿದ್ದ. ದಾಟಿ ಹೋಗಬಹುದಿತ್ತು, ಕಣ್ಣು ಮುಚ್ಚಿದವನಿಗೆ ಗೊತ್ತಾಗುತ್ತಿರಲಿಲ್ಲ. ಗುರುಬಸವರಾಜ್ ನಿಂತ. "ಬೆನಕಪ್ಪ, ನಿಮ್ಮ ಮೊಮ್ಮಗನಿಗೆ ಆ ಡ್ರಾಪ್ಸ್ ಬಿಡ್ಬೇಡ್ರಿ ಇನ್ಮೇಲೆ. ನಾಳೇನೇ ಕರ್ಕೊಂಡು ಹೋಗಿ ಕಣ್ಣಿನ ಡಾಕ್ಟ್ರಿಗೆ ತೋರ್ಸ್ರಿ. ಏನು ಬಿಡ್ತಿದ್ರಿ ಅಂತಾನೂ ಹೇಳ್ರಿ."

"ಯಾಕ್ರೀ ಡಾಕ್ಟ್ರೇ, ಚೆನ್ನಾಗೈತಲ್ಲ?"

"ಅದು... ಕಂಪ್ನಿಯೋರು ನಿಲ್ಸಿದಾರೆ. ಮಾಲು ಸರಿ ಇಲ್ಲ."

ಬೆನಕಪ್ಪ ಕಣ್ಣು ಮುಚ್ಚಿಕೊಂಡೇ ಒಪ್ಪಿದ. ನೀಲು ಅದನ್ನೂ ಕೇಳಿಸಿಕೊಂಡಳು.

ಮೆಟ್ಟಿಲಿಳಿಯುತ್ತ ಗುರುಬಸವರಾಜ್ ಕೈ ಚಾಚಿದ. "ಚೀಟಿ ಕೊಡಿಲ್ಲಿ. ಈ ಡ್ರಾಪ್ಸ್ ನಮ್ಮ ಅಂಗಡೀಲೇ ಐತೆ." ಚೀಟಿ ನೀಲುವಿನ ಕೈಯಲ್ಲಿತ್ತು. ಅವಳು ಅದನ್ನು ಅಮ್ಮನ ಕೈಗೆ ಕೊಟ್ಟಳು. "ಅಮ್ಮ, ಬೇರೆ ಅಂಗಡೀಲಿ ತಗಳಣ."

ರಸ್ತೆಯಾಚೆ ಒಂದು ಮೆಡಿಕಲ್ ಶಾಪಿತ್ತು. ಅವನದರ ಹಾಗೇ ಎರಡು ಮೆಟ್ಟಿಲು, ಅವನದರ ಹಾಗೇ ಮುಂದೆ ಗ್ಲೂಕೋಸ್ ಡಬ್ಬಗಳ ಸಾಲು. ತಾಯಿ ಮಗಳು ಮುಂದೆ ಹೋದರು, ಅವನು ಹಿಂದೆ ಹೋದ. ಕೌಂಟರಿನ ಹಿಂದೆ ನಿಂತವನು ಮೂವರನ್ನೂ ಒಂದೇ ನೋಟಕ್ಕೆ ತೂಗಿದ್ದು ಗುರುಬಸವರಾಜನಿಗೆ ಕಂಡಿತು. ಹಳ್ಳಿ ಕಡೆಯವರು, ಮಗುವಿನ ಕಣ್ಣು, ಗಾಬರಿ ಬಿದ್ದಿದ್ದಾರೆ, ಎರಡು ಕೊಟ್ಟರೂ ಒಯ್ಯುತ್ತಾರೆ. ಶಾಂತಲಾ ಚೀಟಿ ಬಿಡಿಸುವ ಮೊದಲೇ ಅಂಗಡಿಯವನ ಕೈ ಕಪಾಟಿಗೆ ಹೋಗಿ ಹಸಿರು ಮುಚ್ಚಳದ್ದೊಂದನ್ನು ತೆಗೆದು ಗಾಜಿನ ಮೇಲೆ ಇಟ್ಟಿತು. "ಕೆಂಪಾಗೈತಲ್ಲ ಪುಟ್ಟಿ. ಇದನ್ನ ಬಿಡ್ರಿ, ಎರಡು ದಿನದಾಗೆ ಬೆಳ್ಳಗಾಗ್ತೈತೆ."

"ನೀವು ಡಾಕ್ಟ್ರಾ?" ಎಂದು ಕೇಳಿದಳು ನೀಲು.

ಅಂಗಡಿಯವನು ನಕ್ಕು ಸುಮ್ಮನಾದ. ಅವಳು ಕೇಳಿದ್ದು ಅವನನ್ನಾದರೂ ನೋಡುತ್ತಿದ್ದುದು ಅಪ್ಪನನ್ನು, ಉತ್ತರ ಬರುವವರೆಗೂ ಕದಲುವವಳಲ್ಲ ಎಂಬಂತೆ.

"ಅಲ್ಲಮ್ಮ," ಎಂದ ಗುರುಬಸವರಾಜ್. "ಡಾಕ್ಟ್ರಲ್ಲ."